ಶಾಲು ಹೊದ್ದ ಸ್ಟ್ರೆಚರ್

ನಾನೊಂದು ಸ್ಟ್ರೆಚರ್. ಹುಬ್ಬಳ್ಳಿಯ ವೆಲ್ಡಿಂಗ್ ಶೆಡ್ಡಿನಲ್ಲಿ ಕಿಡಿ ಹಾರಿಸುತ್ತಲೇ ಹುಟ್ಟಿದವನು, ಆದ್ದರಿಂದ ಸಿಟ್ಟು ಸ್ವಲ್ಪ ಜಾಸ್ತಿ. ನಾಲ್ಕು ಚಕ್ರಗಳಿದ್ದರೂ ನಾನಾಗಿಯೇ ಓಡಲಾರೆ. ಹಿಂದೊಬ್ಬರು, ಮುಂದೊಬ್ಬರು ಬೇಕು. ಇಷ್ಟು ಸಣ್ಣ ಮಾತು ನಮ್ಮ ಟ್ರಸ್ಟ್ ಆಸ್ಪತ್ರೆಯ ಅಧ್ಯಕ್ಷ ಚನ್ನವೀರಪ್ಪನವರ ತಲೆಗೆ ಹೋಗಲಿಲ್ಲ.

ನನ್ನನ್ನು ತಳ್ಳುತ್ತಿದ್ದವರು ಆಯಾ ಹನುಮವ್ವ ಮತ್ತು ವಾರ್ಡ್‌ಬಾಯ್ ಮಾಬುಸಾಬ. ರ‍್ಯಾಂಪ್ ಏರುವಾಗ ಹನುಮವ್ವ ರೋಗಿಗೆ, "ಹೆದರಬ್ಯಾಡ ಯಪ್ಪಾ, ಬಂದೇಬಿಟ್ವಿ" ಎನ್ನುತ್ತಿದ್ದಳು. ಅವಳ ಆ ಮಾತು ನನಗೆ ಬಲು ಇಷ್ಟ.

ಆಮೇಲೆ ಕೊರೊನಾ ಬಂತು. ಕಣ್ಣಿನ ಪೊರೆ, ಮೊಣಕಾಲಿನ ಆಪರೇಷನ್ನುಗಳು ನಿಂತವು. ಆಸ್ಪತ್ರೆಯ ವರಮಾನವೆಲ್ಲ ಅವುಗಳದ್ದೇ. ಅಧ್ಯಕ್ಷರು ಗುತ್ತಿಗೆ ನೌಕರರನ್ನು ಮನೆಗೆ ಕಳಿಸಿದರು, ಅವರಿಬ್ಬರನ್ನೂ ಸೇರಿಸಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು.

ಒಂದು ಮಧ್ಯಾಹ್ನ ಉಸಿರಾಡಲಾಗದ ಅಜ್ಜಿಯೊಬ್ಬಳನ್ನು ಆಂಬುಲೆನ್ಸಿನವರು ನನ್ನ ಮೇಲೆ ಮಲಗಿಸಿ ಹೊರಟುಹೋದರು. ಆಕ್ಸಿಜನ್ ಇದ್ದದ್ದು ಮೇಲಿನ ವಾರ್ಡಿನಲ್ಲಿ. ಮನೆಯವರನ್ನು ಒಳಗೆ ಬಿಡುವಂತಿರಲಿಲ್ಲ. ನರ್ಸ್ ಕಸ್ತೂರಿ ಒಬ್ಬಳೇ ರ‍್ಯಾಂಪಿನ ಬುಡದಲ್ಲಿ ನಿಂತು, "ಯಾರರೆ ಬರ್ರೀ!" ಎಂದು ಕೂಗಿದಳು. ಬರಲಿಕ್ಕೆ ಯಾರಿದ್ದರು? ಅಜ್ಜಿ ನನ್ನ ಮೇಲೆಯೇ ಪ್ರಾಣ ಬಿಟ್ಟಳು.

ಮರುವಾರ ಅಂಗಳದಲ್ಲಿ ಪೆಂಡಾಲು. ಕೊರೊನಾ ವಾರಿಯರ್ಸ್‌ಗೆ ಸನ್ಮಾನವಂತೆ! ಕಸ್ತೂರಿಯ ಹೆಸರು ಕೂಗಿದಾಗ ಅವಳು ಖಾಲಿಯಿದ್ದ ನನ್ನನ್ನೂ ಎಳೆದುಕೊಂಡು ಹೋದಳು. ಅಧ್ಯಕ್ಷರು ಹೊದಿಸಿದ ಶಾಲನ್ನು ತೆಗೆದು ನನಗೆ ಹೊದಿಸಿದಳು.

"ನನಗ ಶಾಲು ಬ್ಯಾಡ್ರಿ ಸರ್. ಹನುಮವ್ವನ್ನ, ಮಾಬುಸಾಬನ್ನ ವಾಪಸ್ ಕರಸ್ರಿ."

"ರೊಕ್ಕ ಎಲ್ಲೈತವಾ ತಂಗಿ?"

"ಈ ಪೆಂಡಾಲಿಗೆ ಎಲ್ಲಿಂದ ಬಂತ್ರಿ?"

ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಏದುಸಿರು ಬಿಡುತ್ತಿದ್ದವನೊಬ್ಬನನ್ನು ಆ ಶಾಲಿನ ಮೇಲೆಯೇ ಮಲಗಿಸಿದರು.

"ಹಿಡೀರಿ ಸರ್, ಆ ಕಡೆ," ಎಂದಳು ಕಸ್ತೂರಿ.

ಅಷ್ಟು ಜನ ನೋಡುತ್ತಿದ್ದರು; ಅಧ್ಯಕ್ಷರು ಆ ಕಡೆ ಹಿಡಿದರು. ಕೊರಳಿನ ಹಾರದ ಸಮೇತ ತಳ್ಳಿದರು. ಸೊಟ್ಟಗೆ ಓಡಿ ಅವರನ್ನು ಸತಾಯಿಸೋಣ ಎನಿಸಿತು; ರೋಗಿಯ ಮುಖ ನೋಡಿ ನೆಟ್ಟಗೇ ಓಡಿದೆ. ಮೇಲೆ ತಲುಪಿದ್ದೇ ಅಧ್ಯಕ್ಷರು ನೆಲದ ಮೇಲೆ ಕುಕ್ಕರಿಸಿದರು. ಆ ರೋಗಿ ಬದುಕಿದ.

ಸಂಜೆ ಹನುಮವ್ವನಿಗೆ ಫೋನು ಹೋಯಿತಂತೆ. "ನಾ ಒಬ್ಬಾಕಿ ಬರಂಗಿಲ್ರಿ, ಮಾಬಣ್ಣನ್ನೂ ಕರೀರಿ," ಎಂದಳಂತೆ. ಇಬ್ಬರೂ ಬಂದರು.

ಈಗ ನಾನು ಹಿತ್ತಿಲ ಶೆಡ್ಡಿನಲ್ಲಿದ್ದೇನೆ. ಮೈಯೆಲ್ಲ ತುಕ್ಕು. ಗುಜರಿಯವನು ಬಂದು ನೋಡಿ ಹೋಗಿದ್ದಾನೆ. ಹಳೆಯದನ್ನು ಕೆದಕಬಾರದು, ಆ ಅಜ್ಜಿಯ ಹಣೆಬರಹ ಅಷ್ಟೇ ಇತ್ತು ಎನ್ನುತ್ತಾರೆ ಇಲ್ಲಿಯವರು. ನನ್ನನ್ನು ಕರಗಿಸಿದರೂ ಆ ಮಾತು ಒಪ್ಪುವವನಲ್ಲ ನಾನು. ಅವಳನ್ನು ತಳ್ಳಲು ಇನ್ನೊಬ್ಬರಿರಲಿಲ್ಲ, ಅಷ್ಟೇ.