ಮೂರು ತಿಂಗಳ ಭಾಗಾಕಾರ

ಹೊಲಿಗೆ ಯಂತ್ರವನ್ನು ಮಾರಿಬಿಡುವುದೆಂದು ಸಪರ್ಗುಲ್ ತೀರ್ಮಾನಿಸಿ ಆಗಿತ್ತು. ಮೈದುನನ ಮಗನ ಮದುವೆಗೆ ಅವಳ ಮನೆಯಿಂದ ಕೊಡಬೇಕಾದ ಪಾಲು ಹದಿನೈದು ಸಾವಿರ ಸೋಮ್ ಹಣ. ಚಳಿಗಾಲದ ಕಲ್ಲಿದ್ದಲಿಗೆ ಹನ್ನೆರಡು ಸಾವಿರ. ಎರಡನ್ನೂ ಅಕ್ಟೋಬರ್ ಕೊನೆಯೊಳಗೆ ಹೊಂದಿಸಬೇಕು. ಇಪ್ಪತ್ತೇಳು ಸಾವಿರವೆಂದರೆ ಹೆಚ್ಚುಕಡಿಮೆ ಗಂಡಹೆಂಡಿರ ಒಂದು ತಿಂಗಳ ಪೂರ್ತಿ ದುಡಿಮೆ. ಅದನ್ನು ನೆನೆದಾಗಲೆಲ್ಲ ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

ಯಂತ್ರ ಕೊಳ್ಳಲು ಒಪ್ಪಿದವಳು ಪಕ್ಕದ ಮನೆಯ ನುರ್ಜಾತ್. ದೊಡ್ಡವರಿಗೆಂದು ಶಾಲೆಯಲ್ಲಿ ಸಂಜೆ ನಡೆಯುತ್ತಿದ್ದ ಲೆಕ್ಕದ ಪಾಠಕ್ಕೆ ಸಪರ್ಗುಲ್‌ಳನ್ನು ಎಳೆದುಕೊಂಡು ಹೋದವಳೂ ಅವಳೇ. "ಒಬ್ಬಳೇ ಹೋಗೋಕೆ ನಾಚಿಕೆ ಅಕ್ಕ, ಬಾ. ಇಬ್ಬರೂ ದಡ್ಡರಾದ್ರೆ ಧೈರ್ಯ ಇರುತ್ತೆ" ಅಂದಿದ್ದಳು.

ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತವರಿಗೆ ಕದಿರ್‌ಕುಲ್ ಮೇಷ್ಟ್ರು ಆ ದಿನ ತಮ್ಮ ತಮ್ಮ ಮನೆಯ ಲೆಕ್ಕವನ್ನೇ ಮಾಡಲು ಹೇಳಿದರು. ಸಪರ್ಗುಲ್‌ಗೆ ಕೂಡುವುದು ಬರುತ್ತಿತ್ತು. ಭಾಗಾಕಾರವೆಂದರೆ ಮಾತ್ರ ಇವತ್ತಿಗೂ ಹೆದರಿಕೆ. ಹುಡುಗಿಯಾಗಿದ್ದಾಗ ಕಪ್ಪುಹಲಗೆಯ ಮುಂದೆ ನಿಂತು ತಪ್ಪಿದಾಗ ಇಡೀ ತರಗತಿ ನಕ್ಕಿತ್ತು.

"ಇಪ್ಪತ್ತೇಳು ಸಾವಿರ ಒಂದೇ ದಿನ ಕೊಡ್ಬೇಕೇನಮ್ಮ?" ಮೇಷ್ಟ್ರು ಅವಳು ಬರೆದದ್ದನ್ನು ನೋಡಿ ಕೇಳಿದರು.

"ಇಲ್ಲ ಮೇಷ್ಟ್ರೇ, ಇನ್ನೂ ಮೂರು ಸಂಬಳ ಬರೋದಿದೆ."

"ಹಾಗಾದ್ರೆ ಮೂರರಿಂದ ಭಾಗಿಸು."

ಬಹಳ ಹೊತ್ತು ಒದ್ದಾಡಿ ಅವಳು ಒಂಬೈನೂರು ಎಂದು ತೋರಿಸಿದಳು.

"ತಿಂಗಳಿಗೆ ಒಂಬೈನೂರು ಎತ್ತಿಟ್ರೆ ಮದುವೆ, ಕಲ್ಲಿದ್ದಲು ಎರಡೂ ಆಗೋದಾದ್ರೆ ನನ್ನ ಮಗಳ ಮದುವೆನೂ ನೀನೇ ಮಾಡ್ಸು" ಎಂದರು ಮೇಷ್ಟ್ರು. ನುರ್ಜಾತ್ ಕಿಸಕ್ಕನೆ ನಕ್ಕಳು. ಸಪರ್ಗುಲ್‌ಗೂ ನಗು ಬಂತು. ಬಿಟ್ಟುಹೋಗಿದ್ದ ಸೊನ್ನೆಯನ್ನು ಸೇರಿಸಿದಳು. ಒಂಬತ್ತು ಸಾವಿರ.

"ಈಗ ಹೇಳು, ಬರೋದೆಷ್ಟು, ಹೋಗೋದೆಷ್ಟು?"

ಬರುವುದು ಮೂವತ್ತು ಸಾವಿರ. ಹಿಟ್ಟು, ಮಾಂಸ, ಕರೆಂಟು, ಮಕ್ಕಳ ಶಾಲೆ ಎಲ್ಲ ಕೂಡಿಸಿದರೆ ಇಪ್ಪತ್ತು.

"ಉಳಿದ ಹತ್ತು?"

"ಗೊತ್ತಿಲ್ಲ ಮೇಷ್ಟ್ರೇ. ಯಾರೋ ಬರ್ತಾರೆ, ಏನೋ ತರ್ತೀವಿ, ಯಾರೋ ಕೇಳ್ತಾರೆ, ಕೊಡ್ತೀವಿ. ಕೈಯಲ್ಲಿ ನಿಲ್ಲಲ್ಲ."

"ಮೂರು ತಿಂಗಳು ನಿಲ್ಲಿಸು. ಸಂಬಳ ಬಂದ ದಿನವೇ ಒಂಬತ್ತು ಎತ್ತಿಡು. ಆಮೇಲೂ ಒಂದು ಸಾವಿರ ನಿನ್ನ ಕೈಲಿರುತ್ತೆ."

ಅವಳು ಲೆಕ್ಕವನ್ನು ಮತ್ತೆ ಮಾಡಿದಳು. ಉತ್ತರ ಅದೇ ಬಂತು. ಹಾಗಾದರೆ ಯಂತ್ರವನ್ನು ಮಾರಬೇಕಾಗಿಲ್ಲ.

ಮನೆಗೆ ಬರುವಾಗ ನದಿಯ ಪಕ್ಕದ ದಾರಿಯಲ್ಲಿ ಅವಳಿಗೆ ಹೊಸ ಸಂಕಟ ಶುರುವಾಯಿತು. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

"ನುರ್ಜಾತ್, ಆ ಮಿಷನ್ನು..."

"ಬೈಬೇಡ ಅಕ್ಕ" ಎಂದು ನುರ್ಜಾತ್ ನಡುವೆಯೇ ಬಾಯಿ ಹಾಕಿದಳು. "ನನ್ಹತ್ರ ದುಡ್ಡಿಲ್ಲ. ನೀನು ಕಷ್ಟದಲ್ಲಿದ್ದೀಯಲ್ಲ ಅಂತ ಹೂಂ ಅಂದ್ಬಿಟ್ಟೆ. ನಾಳೆ ಅತ್ತೆ ಹತ್ರ ಸಾಲ ಕೇಳ್ಬೇಕಿತ್ತು. ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ."

ಸಪರ್ಗುಲ್ ನಡೆಯುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಇಬ್ಬರೂ ದಾರಿಬದಿಯ ಕಟ್ಟೆಯ ಮೇಲೆ ಕುಸಿದು ಕೂತು, ಹೋಗಿಬರುವವರು ತಿರುಗಿ ನೋಡುವಷ್ಟು ನಕ್ಕರು.

ಆ ರಾತ್ರಿ ಸಪರ್ಗುಲ್ ಎರಡು ಬಟ್ಟಲು ಸಾರು ಕುಡಿದಳು. ಗಂಡ ಅಚ್ಚರಿಯಿಂದ ನೋಡಿ, ಇನ್ನೊಂದು ರೊಟ್ಟಿಯನ್ನು ಮುರಿದು ಅವಳ ಮುಂದಿಟ್ಟ.