ಅಮ್ಮನ ಮೇಜಿನ ಮೇಲಿನ ಜಾಗ

ಪೆನ್‌ಡ್ರೈವಿನದೇ ತಪ್ಪಿರಬಹುದೇ? ಇರಲಾರದು, ಅದನ್ನು ಬೆಳಿಗ್ಗೆಯಿಂದ ಎರಡು ಸಲ ಅಳಿಸಿ ಹೊಸದಾಗಿ ಬರೆದಾಗಿತ್ತು. ಹಾಗಾದರೆ ರ‍್ಯಾಮ್? ಅದನ್ನೂ ಬಿಚ್ಚಿ, ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದ್ದ. ಡಿಸ್ಕ್ ಚೆನ್ನಾಗೇ ಇತ್ತು. ಅಥವಾ ತಾನೇ ಎಲ್ಲೋ... ಅಲ್ಲಿಗೆ ಬಂದೊಡನೆ ಅವನ ಯೋಚನೆ ಪ್ರತಿ ಸಲವೂ ಪಕ್ಕಕ್ಕೆ ಸರಿದುಬಿಡುತ್ತಿತ್ತು. ತಾನೇ ಎಲ್ಲೋ ಎಡವಿದ್ದರೆ ಅದನ್ನು ಕಂಡುಹಿಡಿಯಬಲ್ಲವಳು ಒಬ್ಬಳಿದ್ದಳು. ಅವಳಿಗೆ ಫೋನ್ ಮಾಡುವುದಕ್ಕಿಂತ ಲ್ಯಾಪ್‌ಟಾಪನ್ನು ಕಿಟಕಿಯಿಂದ ಕೆಳಕ್ಕೆ ಎಸೆಯುವುದೇ ಮೇಲು ಎಂದು ಅವನಿಗೆ ಅನಿಸುತ್ತಿತ್ತು.

ಪರದೆಯ ಮೇಲೆ ಅದೇ ಕೆಂಪು ಪಟ್ಟಿ. ಹೊಸ ಆಪರೇಟಿಂಗ್ ಸಿಸ್ಟಮ್ಮು ಅರ್ಧ ದಾರಿಯವರೆಗೆ ಸಲೀಸಾಗಿ ಇಳಿಯುತ್ತಿತ್ತು. ಆಮೇಲೆ, ಈ ಫೈಲುಗಳ ಸಹಿ ಸರಿಯಿಲ್ಲ, ಇವನ್ನು ನಂಬಲು ಆಗುವುದಿಲ್ಲ ಎಂದು ಹೇಳಿ ನಿಂತುಬಿಡುತ್ತಿತ್ತು. ಹಳೆಯದನ್ನು ಅವನು ಬೆಳಿಗ್ಗೆಯೇ ಅಳಿಸಿಹಾಕಿದ್ದರಿಂದ ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ.

"ಏನೋ, ಆಯ್ತಾ?" ಅಡುಗೆಮನೆಯಿಂದ ಅಮ್ಮ ಕೇಳಿದಳು.

"ಆಗ್ತಾ ಇದೆ."

"ಬೆಳಿಗ್ಗೆಯಿಂದ ಆಗ್ತಾನೇ ಇದೆ. ನೋಡು ಮರಿ, ನಾಳೆ ಆ ಮೇಷ್ಟ್ರ ಆತ್ಮಕಥೆ ಶುರು ಮಾಡ್ಬೇಕು ನಾನು. ಸಂಜೆವರೆಗೂ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಪುಟ್ಟಿ ತಂದಿದ್ದನ್ನೇ ಇಳಿಸಿಕೊಡು. ಪಾಪ, ಅದೂ ಸುಮ್ನೆ ಕೂತಿದೆ."

ಅವನ ಎದೆಗೆ ನಾಟಿದ್ದು ಆ 'ಪಾಪ'.

ಕಪಾಟಿನ ಮೇಲೆ, ಹಳೆಯ ಕಂಬಳಿಯ ಪಕ್ಕದಲ್ಲಿ, ಆ ಪೆಟ್ಟಿಗೆ ಇತ್ತು. ಹೋದ ವರ್ಷ ತಂಗಿ ಅಮ್ಮನಿಗೆಂದು ತಂದ ಹೊಸ ಲ್ಯಾಪ್‌ಟಾಪು ಅದರಲ್ಲಿತ್ತು. ಹಾಳೆಯಷ್ಟು ತೆಳ್ಳಗೆ, ಮುಟ್ಟಿದರೆ ತಣ್ಣಗೆ. ಅಮ್ಮ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ಇಡೀ ಸರ್ವೀಸು ಮುಗಿಸಿದವಳು. ನಿವೃತ್ತಿಯಾದ ಮೇಲೆ ಊರವರ ಪುಸ್ತಕ, ಪ್ರಬಂಧಗಳನ್ನು ಮನೆಯಲ್ಲೇ ಟೈಪ್ ಮಾಡಿಕೊಡುತ್ತಿದ್ದಳು. ಬೆರಳಿನ ಕೆಳಗೆ ಕೀಲಿ ಆಳಕ್ಕೆ ಇಳಿಯದಿದ್ದರೆ ಅವಳಿಗೆ ಟೈಪ್ ಮಾಡಿದ ಹಾಗೇ ಆಗುತ್ತಿರಲಿಲ್ಲ. ಹೊಸದರಲ್ಲಿ ಎರಡು ದಿನ ಹೆಣಗಿ, "ತಟ್ಟೆ ಮೇಲೆ ಬೆರಳು ಬಡಿದ ಹಾಗಾಗತ್ತೆ ಕಣೇ ಪುಟ್ಟಿ, ತಪ್ಪು ತಿಳ್ಕೋಬೇಡ" ಎಂದು ಮೇಲೆತ್ತಿ ಇಟ್ಟಿದ್ದಳು. ಆಮೇಲೆ ಮೇಜಿಗೆ ಮರಳಿದ್ದು ಈ ಹಳೆಯದು, ಅವನು ಮೊದಲ ಸಂಬಳದಲ್ಲಿ ಕೊಡಿಸಿದ್ದು. ಕೀಲಿಗಳ ಮೇಲಿನ ಅಕ್ಷರಗಳು ಅಮ್ಮನ ಬೆರಳಿಗೆ ಸವೆದು ಎಂದೋ ಮಾಯವಾಗಿದ್ದವು. ಅದು ಮೇಜಿಗೆ ಮರಳಿದ ಸಂಜೆ ಅವನು ಯಾರೂ ಹೇಳದೆಯೇ ಮನೆಯ ಪಾತ್ರೆಗಳನ್ನೆಲ್ಲ ತೊಳೆದಿಟ್ಟಿದ್ದ. ಇವನಿಗೇನು ಬಂತು ಎಂದು ಅಮ್ಮ ಬೆರಗಾಗಿ ನೋಡಿದ್ದಳು.

ಆದರೆ ಈಗೀಗ ಹಳೆಯದು ಏದುಸಿರು ಬಿಡತೊಡಗಿತ್ತು. "ನಾನು ಒಂದು ಸಾಲು ಮುಗಿಸಿದ ಮೇಲೆ ಇದು ಶುರು ಮಾಡತ್ತೆ" ಎಂದು ಅಮ್ಮ ದೂರುತ್ತಿದ್ದಳು. ಈಮೇಲ್ ಹೋಗುತ್ತಿರಲಿಲ್ಲ. ಹಗುರವಾದ ಹೊಸ ಸಿಸ್ಟಮ್ ಹಾಕಿದರೆ ಇನ್ನೂ ನಾಲ್ಕು ವರ್ಷ ಓಡುತ್ತದೆ ಎಂದು ಅವನೇ ಮುಂದಾಗಿ ಹೇಳಿದ್ದ. ಕಾಲೇಜಿನ ಲ್ಯಾಬಿನಲ್ಲಿ ಇಂಥ ಮುದಿ ಯಂತ್ರಗಳನ್ನು ಎಬ್ಬಿಸಿ ಕೂರಿಸುವುದೇ ಅವನ ಕೆಲಸ. ಅಲ್ಲಿ ಎಂದೂ ಕೈಕೊಡದ ವಿದ್ಯೆ, ಅಮ್ಮನ ಮೇಜಿನ ಮುಂದೆ ಕೈಕೊಟ್ಟಿತ್ತು.

ಅಣ್ಣ ತಂಗಿ ಇಬ್ಬರೂ ಓದಿದ್ದು ಒಂದೇ ಕೋರ್ಸು. ರೇಡಿಯೋ ಬಿಚ್ಚುವುದನ್ನು, ಬೆಸುಗೆ ಹಾಕುವುದನ್ನು ಅವಳಿಗೆ ಕಲಿಸಿದವನು ಅವನೇ. ದೊಡ್ಡ ಗ್ರಂಥಾಲಯದ ಕಂಪ್ಯೂಟರ್ ವಿಭಾಗದಲ್ಲಿ ಒಂದು ಹುದ್ದೆ ಖಾಲಿಯಾದಾಗ ಇಬ್ಬರೂ ಅರ್ಜಿ ಹಾಕಿದರು, ಅವಳಿಗೆ ಸಿಕ್ಕಿತು. ಮನೆಯಲ್ಲಿ ಯಾರೂ ಆ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಎತ್ತದೆ ಹೋದದ್ದರಿಂದ ಅದು ಊಟದ ಹೊತ್ತಿನಲ್ಲಿ, ಟೀವಿ ನೋಡುವಾಗ, ಅವಳು ಬೇರೆ ಮನೆ ಮಾಡಿಕೊಂಡು ಹೋದ ಮೇಲೂ, ಅವರ ನಡುವೆ ಒಬ್ಬ ಮನುಷ್ಯನ ಜಾಗ ಹಿಡಿದು ಕೂತಿತ್ತು. ಅವಳು ಒಳ್ಳೆಯವಳೆಂದು ಅವನಿಗೆ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಅದರಿಂದ ಏನೂ ಕಡಿಮೆಯಾಗುತ್ತಿರಲಿಲ್ಲ.

ಅವನು ಯಂತ್ರವನ್ನು ಮತ್ತೆ ಮೊದಲಿನಿಂದ ಶುರು ಮಾಡಿದ. ಭಾಷೆ, ಕೀಬೋರ್ಡು, ನೆಟ್. ನೆಟ್‌ನಿಂದ ಸಮಯ ತರಿಸುತ್ತಿದ್ದೇನೆ ಎಂದು ಅದು ಸ್ವಲ್ಪ ಹೊತ್ತು ತಡವರಿಸಿತು. ಪ್ರತಿ ಸಲದಂತೆ ಈಗಲೂ ಅವನು ಆ ಹಂತವನ್ನು ರದ್ದು ಮಾಡಿ ಮುಂದಕ್ಕೆ ದಾಟಿಸಿದ. ಅರ್ಧ ದಾರಿ, ಕೆಂಪು ಪಟ್ಟಿ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಂಗಿ ಒಳಗೆ ಬಂದಳು.

"ಏನಣ್ಣ, ರೋಗಿ ಹೇಗಿದ್ದಾರೆ?"

"ನಿನ್ನನ್ಯಾರು ಕರೆದಿದ್ದು?"

"ರೋಗಿ ಕಡೆಯವರು," ಎಂದು ಅವಳು ಅಡುಗೆಮನೆಯತ್ತ ಗದ್ದದಿಂದ ತೋರಿಸಿದಳು.

"ಅಮ್ಮನಿಗೆ ಇದರ ಬಗ್ಗೆ ಏನು ಗೊತ್ತು."

"ಅಮ್ಮನಿಗೆ ಟೈಪಿಂಗ್ ಗೊತ್ತು, ಅಷ್ಟು ಸಾಕು," ಎಂದು ಅಮ್ಮ ಬಕೆಟ್ ಹಿಡಿದು ಹೊರಗೆ ಬಂದಳು. "ಅವನನ್ನ ಕೆಣಕ್ಬೇಡ್ವೇ, ಬೆಳಿಗ್ಗೆಯಿಂದ ಮುಖ ಗಂಟು ಹಾಕ್ಕೊಂಡು ಕೂತಿದಾನೆ." ಒಣಗಿದ ಬಟ್ಟೆ ತರಲು ಅವಳು ಮಹಡಿ ಹತ್ತಿ ಹೋದಳು.

ತಂಗಿ ಸ್ಟೂಲ್ ಎಳೆದುಕೊಂಡು ಅವನ ಪಕ್ಕ ಕೂತಳು. ಪರದೆಯನ್ನೇ ನೋಡತೊಡಗಿದಳು. ಚಿಕ್ಕವಳಿದ್ದಾಗ ಅವನು ರೇಡಿಯೋ ಬಿಚ್ಚುತ್ತಿದ್ದರೆ ಹೀಗೆಯೇ ಉಸಿರು ಹಿಡಿದು ಕೂರುತ್ತಿದ್ದಳು. ಆಗ ಆ ಮೌನ ಅವನನ್ನು ದೊಡ್ಡವನನ್ನಾಗಿ ಮಾಡುತ್ತಿತ್ತು. ಈಗ ಅದರೊಳಗೆ ಲೆಕ್ಕಾಚಾರ ನಡೆಯುತ್ತಿದೆ ಎಂದು ಅವನಿಗೆ ಗೊತ್ತು. ಕೆನ್ನೆಯ ಮೇಲೆ ಅದರ ಬಿಸಿ ತಾಗಿದಂತಾಗುತ್ತಿತ್ತು.

"ಒಳಗೆ ಬಿಚ್ಚಿದ್ಯಾ?"

"ಹೂಂ."

"ಸಣ್ಣ ಸೆಲ್ ಇರತ್ತಲ್ಲ, ಅದನ್ನೂ ತೆಗೆದ್ಯಾ?"

"ಶುರು ಮಾಡೋಕ್ ಮುಂಚೆನೇ ತೆಗೆದು ಮತ್ತೆ ಹಾಕ್ದೆ. ಸೆಟ್ಟಿಂಗ್ಸ್ ಎಲ್ಲ ಮೊದಲಿನ ಹಾಗಾಗ್ಲಿ ಅಂತ."

ಅವಳು ಕೈ ಚಾಚಿ ಎರಡು ಕೀಲಿ ಒತ್ತಿದಳು. ಪರದೆ ಕಪ್ಪಾಗಿ, ಯಂತ್ರ ತನ್ನಷ್ಟಕ್ಕೆ ಬರೆದುಕೊಂಡಿದ್ದ ಸಾಲುಗಳು ಕಂಡವು. ಪ್ರತಿ ಸಾಲಿನ ಮೊದಲಿಗೆ ಒಂದು ತಾರೀಖು. ಅವಳು ಅದರ ಕೆಳಗೆ ಉಗುರಿಟ್ಟಳು.

ಅವನು ಓದಿದ. ಯಂತ್ರ ತಾನು ಕಾರ್ಖಾನೆಯಿಂದ ಹೊರಟ ವರ್ಷದಲ್ಲೇ ಕೂತಿತ್ತು. ಒಳಗಿನ ಗಡಿಯಾರ ನಡೆಯುವುದೇ ಆ ಸೆಲ್‌ನಿಂದ, ಅದನ್ನು ತೆಗೆದಾಗ ತಾರೀಖು ಅಳಿಸಿಹೋಗಿತ್ತು. ಈ ವರ್ಷ ಸಹಿಯಾದ ಫೈಲುಗಳು ಅದರ ಕಣ್ಣಿಗೆ ಇನ್ನೂ ಹುಟ್ಟಿರದ ದಿನದ ಫೈಲುಗಳು, ನಂಬುವುದಾದರೂ ಹೇಗೆ? ನೆಟ್‌ನಿಂದ ಸಮಯ ತಂದುಕೊಳ್ಳಲು ಅದು ಪ್ರತಿ ಸಲ ಹವಣಿಸಿತ್ತು. ತಡವಾಗುತ್ತದೆಂದು ಪ್ರತಿ ಸಲ ತಡೆದವನು ಅವನೇ.

"ಆವಾಗ ನಾನಿನ್ನೂ ಎರಡು ಜಡೆ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ," ಎಂದು ಅವಳು ಮೆಲ್ಲಗೆ ಹೇಳಿದಳು.

"ಗೊತ್ತಿತ್ತು," ಎಂದ ಅವನು. "ಈಗ ಅದನ್ನೇ ನೋಡೋಣ ಅಂತಿದ್ದೆ."

ಅವಳು ನಕ್ಕಿದ್ದರೆ ಅವನು ಸಹಿಸಬಹುದಿತ್ತು. "ಹಾಗಾದ್ರೆ ನೋಡು," ಎಂದಷ್ಟೇ ಹೇಳಿ ಕೈ ಹಿಂದಕ್ಕೆ ತೆಗೆದುಕೊಂಡು, ನೀರು ಕುಡಿಯಲು ಒಳಗೆ ಹೋದಳು.

ತಾರೀಖು ಸರಿಪಡಿಸಲು ಅರೆಗಳಿಗೆ ಹಿಡಿಯಲಿಲ್ಲ. ಅಮ್ಮ ಬಟ್ಟೆ ಮಡಿಸಿ ಮುಗಿಸುವಷ್ಟರಲ್ಲಿ ಇನ್‌ಸ್ಟಾಲ್ ಅರ್ಧ ದಾರಿ ದಾಟಿತು, ಕಾಫಿ ಆಗುವಷ್ಟರಲ್ಲಿ ಮುಗಿಯಿತು. ಕನ್ನಡ ಟೈಪಿಂಗನ್ನೂ ಹಾಕಿ ಅವನು ಕುರ್ಚಿ ಬಿಟ್ಟುಕೊಟ್ಟ. ಅಮ್ಮ ಕನ್ನಡಕ ಏರಿಸಿ, ಬೆರಳು ನೆಟ್ಟಗೆ ಮಾಡಿಕೊಂಡು, ಒಂದು ಪುಟ ದಡದಡ ಬಡಿದಳು. ಅಕ್ಷರಗಳು ಬೆರಳಿನ ಬೆನ್ನಿಗೇ ಬಂದವು.

"ಅಯ್ಯೋ, ನನಗಿಂತ ಮುಂದೆ ಓಡ್ತಿದೆ ಕಣೋ ಇದು. ಪುಟ್ಟಿ, ನೀನೇ ಏನಾದ್ರೂ ಮಾಡಿದ್ಯಾ?"

ಅವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ನಾನಾ?" ತಂಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ನಾನು ಬರೋಷ್ಟರಲ್ಲೇ ತಪ್ಪೆಲ್ಲಿದೆ ಅಂತ ಅಣ್ಣ ಕಂಡುಹಿಡಿದುಬಿಟ್ಟಿದ್ದ. ಬಿಡೋ ಆಸಾಮಿನಾ ಅವನು?"

"ನನಗೆ ಗೊತ್ತಿತ್ತು," ಎಂದು ಅಮ್ಮ ಕೈ ಹಿಂದಕ್ಕೆ ಚಾಚಿ, ನೋಡದೆಯೇ ಅವನ ಮೊಣಕೈ ತಟ್ಟಿದಳು. ಆಮೇಲೆ, ಟೈಪ್ ಮಾಡುತ್ತಲೇ, "ಹಾಗಾದ್ರೆ ಮೇಲಿರೋದನ್ನ ನೀನೇ ತಗೊಂಡು ಹೋಗೇ ಪುಟ್ಟಿ. ನಿನಗಾದ್ರೂ ಉಪಯೋಗಕ್ಕೆ ಬರತ್ತೆ," ಎಂದಳು.

ತಂಗಿ ತಲೆಯೆತ್ತಿ ಕಪಾಟಿನ ಮೇಲೆ ನೋಡಿದಳು. ಅವಳ ಮುಖದಲ್ಲಿ ಏನೋ ಒಂದು ಕ್ಷಣ ಕುಸಿದದ್ದನ್ನು ಅಮ್ಮ ಕಾಣಲಿಲ್ಲ, ಅವನು ಕಂಡ. "ಸರಿ ಬಿಡಮ್ಮ," ಎಂದು ಅವಳು ಸ್ಟೂಲ್ ಹತ್ತಿ ಪೆಟ್ಟಿಗೆ ಇಳಿಸಿಕೊಂಡು, ದುಪ್ಪಟ್ಟಾದಿಂದ ಧೂಳು ಒರೆಸಿದಳು.

ಪೆಟ್ಟಿಗೆಯನ್ನು ಅವನೇ ಕೆಳಗೆ ಹೊತ್ತು ತಂದು ಸ್ಕೂಟರಿನ ಮುಂದೆ ಇಟ್ಟುಕೊಟ್ಟ. ಬಯಸಿದ್ದೆಲ್ಲ ಅವನಿಗೆ ಸಿಕ್ಕಿತ್ತು: ಮೇಜು ಅವನದು, ಅಮ್ಮನ ಕೈ ತಟ್ಟಿದ್ದು ಅವನ ಮೊಣಕೈಯನ್ನು. ಆದರೂ ಒಳಗೆ ಉರಿ ಆರಿರಲಿಲ್ಲ. ಕಳೆದುಕೊಳ್ಳುವುದನ್ನೂ ಇವಳು ತನಗಿಂತ ಚೆನ್ನಾಗಿ ಮಾಡುತ್ತಾಳಲ್ಲ ಎಂದು ಅವನಿಗೆ ಅನಿಸಿತು.

"ಆ ಸೆಲ್ ಸತ್ತಿರಬಹುದು ಅಣ್ಣ, ಹೊಸದು ಹಾಕ್ಬಿಡು," ಎಂದಳು ಅವಳು, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ.

"ಹೂಂ. ನಿಧಾನವಾಗಿ ಹೋಗು."

ಸ್ಕೂಟರು ತಿರುವಿನಲ್ಲಿ ಮರೆಯಾಯಿತು. ಮೇಲಿನ ಕಿಟಕಿಯಿಂದ ಅಮ್ಮನ ಟೈಪಿಂಗಿನ ಸದ್ದು ಕೆಳಗಿನವರೆಗೂ ಕೇಳುತ್ತಿತ್ತು. ಅವನು ಮೆಟ್ಟಿಲು ಹತ್ತಿ ಒಳಗೆ ಹೋದ. ರಾತ್ರಿ ಉಣ್ಣುವಾಗ ಅಮ್ಮ ಆ ದಿನದ ಕೆಲಸವನ್ನು ಮತ್ತೊಮ್ಮೆ ಹೊಗಳಿದಳು, ಮರುದಿನ ಮೇಷ್ಟ್ರ ಮುಂದೆಯೂ ಹೊಗಳಿದಳು. ತಾರೀಖನ್ನು ಕಂಡುಹಿಡಿದವಳು ತಂಗಿ ಎಂದು ಅವನು ಅಮ್ಮನಿಗೆ ಯಾವತ್ತೂ ಹೇಳಲಿಲ್ಲ.