ಕಾರ್ಡು ತೆಗೆದ ವಾರ

ಹುಚ್ಚೆಳ್ಳು ಹುರಿಯುವ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ಅಗ್ರಹಾರದ ನಮ್ಮ ಮನೆಯಲ್ಲಿ ಅಮ್ಮ ಕಬ್ಬಿಣದ ಬಾಣಲೆಯಲ್ಲಿ ಅದನ್ನು ಚಟಪಟ ಸಿಡಿಸುವಾಗ ನಾನು ಶಾಲೆಯ ಚೀಲ ಹಾಕಿಕೊಂಡೇ ಒಲೆಯ ಪಕ್ಕ ನಿಂತಿರುತ್ತಿದ್ದೆ. ಬೆರಳಿಗೆ ಹತ್ತಿದ ಚಟ್ನಿಪುಡಿಯ ಕಂಪು ಸಂಜೆಯವರೆಗೂ ಹೋಗುತ್ತಿರಲಿಲ್ಲ. ಅರವತ್ತು ವರ್ಷಗಳ ಮೇಲೆ ಅದೇ ವಾಸನೆ ಒಂದು ಮಗುವಿನ ಅಂಗೈಯಿಂದ ಬಂದಾಗ ಸಂತೋಷವಾಗಬೇಕಿತ್ತು. ಭಯವಾಯಿತು.

ಮಗುವಿನ ಹೆಸರು ಸಿಂಚನ. ಏಳು ವರ್ಷ, ಮಾತು ಬಾರದು. ಪಾಠಕ್ಕೆ ಕೂರಿಸಿದರೆ ಮುಷ್ಟಿ ಕಟ್ಟಿ ಎಡಗಣ್ಣಿನ ಪಕ್ಕಕ್ಕೆ ಹೊಡೆದುಕೊಳ್ಳುತ್ತಿದ್ದಳು. ಕಣ್ಣೊಳಗಿನ ಪರದೆ ಆಗಲೇ ಸಡಿಲವಾಗಿದೆ, ಹೀಗೇ ಏಟು ಬೀಳುತ್ತಿದ್ದರೆ ಆ ಕಣ್ಣು ಉಳಿಯುವುದಿಲ್ಲ ಎಂದು ಡಾಕ್ಟರು ಅವಳಪ್ಪ ಮಹದೇವುಗೆ ಹೇಳಿದ್ದರು. ಮಹದೇವು ಹೆಬ್ಬಾಳದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಕೆಂಪಾದ ಕಣ್ಣುಗಳಲ್ಲೇ ಮಗಳನ್ನು ಇಂಥ ಮಕ್ಕಳಿಗೆ ಪಾಠ ಹೇಳುವ ನಮ್ಮ ಕೇಂದ್ರಕ್ಕೆ ಕರೆತರುತ್ತಿದ್ದ.

ಅಲ್ಲಿ ವಿಭಾ ಎಂಬ ಹುಡುಗಿ ಪಿಎಚ್‌.ಡಿ.ಗಾಗಿ ಅವಳಿಗೆ ಒಂದು ವಿಧಾನ ಕಲಿಸುತ್ತಿದ್ದಳು. ಸಾಕೆನಿಸಿದಾಗ ಹೊಡೆದುಕೊಳ್ಳುವ ಬದಲು ಕೈಯ ಚಿತ್ರವಿರುವ ಒಂದು ಕಾರ್ಡು ಎತ್ತಿ ಕೊಟ್ಟರೆ ಪಾಠ ಎರಡು ನಿಮಿಷ ನಿಲ್ಲುತ್ತದೆ. ಸರಿ ಮಾಡಿದ ಪ್ರತಿ ಕೆಲಸಕ್ಕೂ ಒಂದು ಚೂರು ಬಿಸ್ಕತ್ತು. ಏಟುಗಳನ್ನು ಇಬ್ಬರು ಬೇರೆ ಬೇರೆ ಕೂತು ಎಣಿಸಬೇಕು, ಒಬ್ಬರ ಕಣ್ಣನ್ನು ನಂಬುವಂತಿಲ್ಲ. ಪಾಠ ಮಾಡುತ್ತಲೇ ವಿಭಾ ಎಣಿಸುತ್ತಿದ್ದಳು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದ ನನ್ನನ್ನು ಪಾಠದ ಕೋಣೆಯ ಗಾಜಿನ ಕಿಟಕಿಯ ಈಚೆ ಎರಡನೆಯ ಎಣಿಕೆಗೆ ಕೂರಿಸಿದ್ದಳು. ಮುಗಿಯುವ ತನಕ ನಾನು ಮಾತಾಡಬಾರದು, ಇದೊಂದೇ ನಿಯಮ.

ಕಾರ್ಡು ಬರುವ ಮುಂಚೆ ಹತ್ತು ನಿಮಿಷಕ್ಕೆ ಮೂವತ್ತು ಏಟು. ಬಂದ ಮೇಲೆ ಒಂದೋ ಎರಡೋ. ನಮ್ಮಿಬ್ಬರ ಎಣಿಕೆ ನೂರಕ್ಕೆ ತೊಂಬತ್ತಾರು ಪಾಲು ಹೊಂದುತ್ತಿತ್ತು.

"ಈಗ ಕಾರ್ಡ್ ತೆಗೀಬೇಕು ಮೇಡಂ," ಎಂದಳು ವಿಭಾ. "ತೆಗೆದಾಗ ಏಟು ಏರಿ, ಮತ್ತೆ ಕೊಟ್ಟಾಗ ಇಳಿದ್ರೇನೇ ಕಾರ್ಡಿಂದ ಆಯ್ತು ಅಂತ ಪ್ರೂವ್ ಆಗೋದು. ಇಲ್ದಿದ್ರೆ ಗೈಡು ಒಪ್ಪಲ್ಲ."

ವಿಭಾ ಕೊಟ್ಟ ಒಪ್ಪಿಗೆ ಪತ್ರವನ್ನು ಮಹದೇವು ಹಿಂದೆ ಮುಂದೆ ತಿರುಗಿಸಿ ನೋಡಿದ. "ಮತ್ತೆ ಸುರು ಮಾಡ್ಕೊಂಡ್ಬುಟ್ರೆ ಮೇಡಂ? ಕಣ್ಣು..."

"ಕೈಗೆ ಹತ್ತಿ ಗವಸು ಹಾಕಿರ್ತೀವಿ. ಐದು ಏಟಾದ್ರೆ ಅಲ್ಲಿಗೇ ಸ್ಟಾಪ್," ಎಂದಳು ವಿಭಾ.

"ನೀವು ಓದಿರೋರು," ಎಂದು ಅವನು ಸಹಿ ಹಾಕಿದ.

ಸೋಮವಾರ ಮೇಜಿನ ಮೇಲೆ ಕಾರ್ಡು ಇರಲಿಲ್ಲ. ನಾನು ಪೆನ್ಸಿಲ್ ಹಿಡಿದು ಕೂತೆ. ಸಿಂಚನ ಹತ್ತು ನಿಮಿಷ ಮಣಿ ಪೋಣಿಸಿದಳು. ಒಂದು ಏಟು. ಮಂಗಳವಾರ ಎರಡು. ವಿಭಾಳ ಮುಖ ಸಣ್ಣದಾಯಿತು. ಮಗು ಸುಮ್ಮನಿರುವುದಕ್ಕೆ ಕಾರ್ಡು ಕಾರಣವಲ್ಲದಿದ್ದರೆ ಇನ್ನೇನು? ಆ ಇನ್ನೇನೋ ಒಂದು ದಿನ ತಪ್ಪಿಹೋದರೆ?

ಅವತ್ತೇ, ಗವಸು ಬಿಚ್ಚಿದ ಮೇಲೆ, ಸಿಂಚನ ಬಂದು ನನ್ನ ಕೆನ್ನೆಯ ಮೇಲೆ ಕೈಯಿಟ್ಟಳು. ಹುಚ್ಚೆಳ್ಳಿನ ವಾಸನೆ. ನಮಗೆ ಗೊತ್ತಿಲ್ಲದಂತೆ ಯಾರೋ ಅವಳಿಗೆ ತಿನ್ನಿಸುತ್ತಿದ್ದರು.

ಬುತ್ತಿಗೆ ಹುಚ್ಚೆಳ್ಳು ಪುಡಿ ತರುತ್ತಿದ್ದ ಆಯಾ ಕೆಂಚಮ್ಮ ಹಿಂದಿನ ನಲ್ಲಿಯಲ್ಲಿ ಲೋಟ ತೊಳೆಯುತ್ತಿದ್ದಳು. ಮಗುವಿಗೆ ಏನು ಕೊಟ್ಟೆ ಎಂದು ನಾನು ಕೇಳಿದ್ದೇ ತಡ, ಸೆರಗಿಗೆ ಕೈ ಒರೆಸಿಕೊಂಡಳು.

"ನಿಮ್ ದಮ್ಮಯ್ಯ ಅಮ್ಮಾರೆ, ಯಾರ್ಗೂ ಯೋಳ್ಬೇಡಿ. ಕೆಲಸ್ದಿಂದ ತೆಗ್ದಾಕ್ಬುಡ್ತಾರೆ. ಹೊಟ್ಟೆ ತುಂಬಾ ತಿನ್ನಿಸ್ಕೊಂಡು ಬರ್ಬೇಡಿ, ಬಿಸ್ಕತ್ತಿನ ಆಸೆ ಇರ್ಬೇಕು ಅಂದವ್ರೆ ವಿಭಾ ಮೇಡಂ. ಅವಳಪ್ಪ ಒಂದು ಹೆಜ್ಜೆ ಮುಂದೆ. ಮಗು ವಾಸಿಯಾಗ್ಲಿ ಅಂತ ಒಂದು ತೊಟ್ಟು ಹಾಲೂ ಕೊಡಾಕಿಲ್ಲ. ಒಂದಿನ ಹೊಟ್ಟೆ ಹಿಡ್ಕಂಡು ಬಾಗ್ಲಲ್ಲೇ ಕುಂತಿತ್ತು. ನೋಡಕ್ಕಾಗ್ನಿಲ್ಲ. ನನ್ ಬುತ್ತೀಲಿ ಅರ್ಧ ರೊಟ್ಟಿ, ಪುಡಿ ಸವರಿ ಕೊಟ್ಬುಟ್ಟೆ. ಅವತ್ತಿಂದ ದಿನಾಲೂ."

"ಯಾವತ್ತಿಂದ ಕೆಂಚಮ್ಮ?"

"ಆ ಕೈ ಚಿತ್ರದ ಕಾರ್ಡು ತಂದ್ರಲ್ಲ, ಅವತ್ತಿಂದ್ಲೇ ಕಣ್ರವ್ವ."

ತನ್ನ ಬುತ್ತಿಯ ಅರ್ಧ. ಮೂರು ತಿಂಗಳು. ಮಧ್ಯಾಹ್ನ ಅವಳು ಉಳಿದರ್ಧ ತಿಂದು, ಮೇಲೆ ಎರಡು ಲೋಟ ನೀರು ಕುಡಿಯುವುದನ್ನು ನಾನು ದಿನವೂ ನೋಡಿದ್ದೆ.

"ನಾಳೆಯಿಂದ ಎಂಟು ದಿನ ಬರಾಕಿಲ್ಲ," ಎಂದಳು. "ಮಗಳ್ಗೆ ಹೆರಿಗೆ."

ಮನೆಗೆ ಬಂದು ಚಹಾ ಮಾಡಿಕೊಂಡೆ, ಕುಡಿಯಲಿಲ್ಲ. ನಮ್ಮಿಬ್ಬರ ಎಣಿಕೆ ಹೊಂದಿದರೆ ಕಂಡದ್ದು ಸರಿ ಎಂದಷ್ಟೇ ಅರ್ಥ, ಕಾರಣ ಸರಿ ಎಂದಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಇದನ್ನೇ ಹೇಳಿದವಳು ನಾನು. ಎರಡು ಸಂಗತಿ ಒಂದೇ ದಿನ ಶುರುವಾದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಇಬ್ಬರೂ ಮುಷ್ಟಿಯನ್ನು ನೋಡಿದ್ದೆವು, ಹೊಟ್ಟೆಯನ್ನು ನೋಡಿರಲಿಲ್ಲ. ಹೇಳಿದರೆ ಕೆಂಚಮ್ಮನ ಕೆಲಸ, ವಿಭಾಳ ಮೂರು ತಿಂಗಳು ಎರಡೂ ಹೋಗುತ್ತವೆ. ಫೋನು ಎರಡು ಸಲ ಎತ್ತಿಕೊಂಡೆ. ಬೆಳಿಗ್ಗೆ ಬೇಗ ಹೋಗಿ ಮಗುವಿಗೆ ನಾನೇ ಏನಾದರೂ ತಿನ್ನಿಸಿಬಿಡೋಣ, ಯಾರಿಗೂ ತೊಂದರೆಯಾಗದು ಎಂದುಕೊಂಡೆ. ಅದು ನನ್ನ ತಪ್ಪು.

ಬುಧವಾರ ಬಸ್ಸು ತಡವಾಯಿತು. ನಾನು ಬಾಳೆಹಣ್ಣಿನ ಚೀಲದೊಂದಿಗೆ ಒಳಗೆ ಓಡಿದಾಗ ಬಾಗಿಲು ಹಾಕಿಯಾಗಿತ್ತು. ಗಾಜಿನಾಚೆ ಸಿಂಚನ ಕೂತಿದ್ದಳು. ಮಣಿಗಳನ್ನು ಮುಟ್ಟಿರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದಳು. ಆಮೇಲೆ ಕಾರ್ಡು ಇರುತ್ತಿದ್ದ ಜಾಗವನ್ನು ಬೆರಳಿನಿಂದ ತಡವಿದಳು. ಅಲ್ಲಿ ಬರೀ ಮೇಜು.

ಮುಷ್ಟಿ ಮೇಲೆದ್ದಿತು. ಒಂದು. ಅಭ್ಯಾಸಬಲದಿಂದ ನನ್ನ ಕೈ ಗೀಟು ಎಳೆಯಿತು. ಎರಡು. ಗವಸಿದ್ದರೂ ಸದ್ದು ಕೇಳಿಸಿತು. ಅವಳು ಹಲ್ಲಿನಿಂದ ಗವಸನ್ನು ಎಳೆದು ಬಿಸಾಡಿದಳು. ಮೂರು.

ಪೆನ್ಸಿಲ್ ಬಿಟ್ಟು ಬಾಗಿಲು ತಳ್ಳಿದೆ. "ನಿಲ್ಲಿಸು ವಿಭಾ!"

"ಇನ್ನೂ ಐದಾಗಿಲ್ಲ ಮೇಡಂ! ಈಗ್ಲೇ ಏರ್ತಿದೆ, ನೀವು ಒಳಗೆ ಬಂದ್ರೆ..."

"ಮಗು ಹಸಿದಿದೆ ಕಣಮ್ಮ."

ನಾಲ್ಕನೆಯದು ಕಣ್ಣಿಗೆ ತಗಲುವ ಮುಂಚೆ ನನ್ನ ಅಂಗೈ ಅಡ್ಡ ಹೋಯಿತು. ಏಳು ವರ್ಷದ ಮುಷ್ಟಿ ಅಷ್ಟು ಗಟ್ಟಿಯಿರುತ್ತದೆಂದು ಗೊತ್ತಿರಲಿಲ್ಲ. ಆ ಕೈಯನ್ನು ಹಿಡಿದುಕೊಂಡೇ ಎಲ್ಲ ಹೇಳಿದೆ. ಯಾವತ್ತಿನಿಂದ ಎಂಬುದನ್ನೂ. ಕೊಟ್ಟವರ ಹೆಸರೊಂದನ್ನು ಬಿಟ್ಟೆ.

ವಿಭಾ ಗೋಡೆಯ ಮೇಲಿನ ಗ್ರಾಫನ್ನು ನೋಡಿದಳು, ಅದರ ಚಂದದ ಇಳಿಜಾರನ್ನು. "ಹಾಗಾದ್ರೆ ಇದೆಲ್ಲ..." ಎಂದಳು. "ಯಾರು ಕೊಡ್ತಿದ್ರು?"

ನಾನು ಸಿಂಚನಳ ಮುಷ್ಟಿ ಬಿಡಿಸಿದೆ. ವಿಭಾಳ ಕಣ್ಣು ಹಿಂದಿನ ಬಾಗಿಲಿಗೆ, ಅಲ್ಲಿ ಬೋರಲು ಹಾಕಿದ್ದ ಲೋಟಗಳಿಗೆ ಹೋಗಿ ಬಂತು. ಮತ್ತೆ ಕೇಳಲಿಲ್ಲ.

ಸಿಂಚನಳ ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು, ಬಲಗಣ್ಣು ಒಣಗಿತ್ತು. ಹೊರಗೆ ಬೆಂಚಿನ ಮೇಲೆ ಮಹದೇವು ಗೋಡೆಗೊರಗಿ ನಿದ್ದೆಹೋಗಿದ್ದ. ಅವನನ್ನು ಎಬ್ಬಿಸಬೇಕು, ಈಗಲೇ ಡಾಕ್ಟರ ಹತ್ತಿರ ಹೋಗಬೇಕು ಎಂದೆ.

ವಿಭಾ ಹೌದೆಂದು ತಲೆಯಾಡಿಸಿದಳು. ಎದ್ದುಹೋಗಿ ತನ್ನ ಚೀಲದಿಂದ ಊಟದ ಡಬ್ಬಿ ತಂದಳು, ಮುಚ್ಚಳ ತೆಗೆದಳು. ಚಿತ್ರಾನ್ನವಿತ್ತು. ಮಣಿಗಳನ್ನು ಪಕ್ಕಕ್ಕೆ ಸರಿಸಿ ಡಬ್ಬಿಯನ್ನು ಮಗುವಿನ ಎರಡೂ ಕೈಗಳಿಗೆ ಕೊಟ್ಟಳು.